ಪಿರಿಹಿರಾ ನೀರು ಕುಡಿದ ಶನಿವಾರ

ಹಾಮಿಯೋರಾನ ಅಡುಗೆಮನೆಯ ಕಿಟಕಿಯಲ್ಲಿ ಒಂದು ಲೀಟರಿನ ಬಾಟಲಿ ಇರುತ್ತಿತ್ತು. ಬೆಳಿಗ್ಗೆ ಎದ್ದವನೇ ಅದಕ್ಕೆ ಮುಕ್ಕಾಲು ಭಾಗ ನೀರು ತುಂಬಿಸಿಡುತ್ತಿದ್ದ. ಹೆಂಡತಿ ಪಿರಿಹಿರಾಳಿಗೆ ಇಡೀ ದಿನಕ್ಕೆ ಅಷ್ಟೇ. ಚಹಾ, ಸೂಪು, ಮಾತ್ರೆ ನುಂಗುವ ಗುಟುಕು ಎಲ್ಲವೂ ಅದರೊಳಗೇ ಆಗಬೇಕು. ಅವಳು ಒಂದು ಕಪ್ಪು ಚಹಾ ಕುಡಿದರೆ ಅವನು ಬಾಟಲಿಯಿಂದ ಒಂದು ಕಪ್ಪು ನೀರನ್ನು ಸಿಂಕಿಗೆ ಚೆಲ್ಲುತ್ತಿದ್ದ. ಅವಳ ಎರಡೂ ಮೂತ್ರಪಿಂಡಗಳು ಕೈಕೊಟ್ಟು ನಾಲ್ಕು ವರ್ಷವಾಗಿತ್ತು. ಆ ನಾಲ್ಕು ವರ್ಷವೂ ಅವನು ಈ ಕೆಲಸದಲ್ಲಿ ಒಂದು ದಿನ ತಪ್ಪಿರಲಿಲ್ಲ. ಆಲೂಗಡ್ಡೆಯನ್ನು ಹೆಚ್ಚಿ ಎರಡು ಸಲ ಬೇಯಿಸಿ ನೀರು ಬಸಿಯುವುದು, ಬಾಳೆಹಣ್ಣು ಕಿತ್ತಳೆ ಮನೆಯೊಳಗೆ ಬರದ ಹಾಗೆ ನೋಡಿಕೊಳ್ಳುವುದು, ಉಪ್ಪಿನ ಡಬ್ಬ ಬಚ್ಚಿಡುವುದು, ಎಲ್ಲ ಅವನದೇ.

"ಜೈಲರ್ ಸಾಹೇಬ್ರು ಎದ್ರಾ?" ಎಂದು ಅವಳು ಹಾಸಿಗೆಯಿಂದಲೇ ಕೂಗುತ್ತಿದ್ದಳು. "ಕೈದಿಗೆ ಬಾಯಾರಿಕೆ ಆಗಿದೆ."

"ಕೈದಿ ನಿನ್ನೆ ಕಳ್ಳತನದಲ್ಲಿ ಐಸು ಚೀಪಿದ್ದಾಳೆ. ಅದೂ ಲೆಕ್ಕಕ್ಕೆ ಸೇರಿದೆ," ಎನ್ನುತ್ತಿದ್ದ ಅವನು.

ಮಂಗಳವಾರ, ಗುರುವಾರ, ಶನಿವಾರ ಬೆಳಗಿನ ಜಾವವೇ ಆಸ್ಪತ್ರೆಯ ವ್ಯಾನು ಅವರ ಊರು ಮುರುಪಾರಾಕ್ಕೆ ಬಂದು ಅವಳನ್ನು ಕರೆದೊಯ್ಯುತ್ತಿತ್ತು. ಪೈನ್ ಮರದ ಕಾಡು ದಾಟಿ ಒಂದು ಗಂಟೆಯ ದಾರಿ ರೋಟೊರುವಾ ಪಟ್ಟಣಕ್ಕೆ. ಅಲ್ಲಿ ಐದು ಗಂಟೆ ಯಂತ್ರದ ಪಕ್ಕ ಮಲಗುವುದು. ರಕ್ತವೆಲ್ಲ ಹೊರಗೆ ಹೋಗಿ, ತೊಳೆದುಕೊಂಡು, ಮತ್ತೆ ಒಳಗೆ ಬರುವುದು. ಮಧ್ಯಾಹ್ನದ ಮೇಲೆ ಮನೆಗೆ ಬಂದವಳು ಮಾರನೆಯ ಬೆಳಗಿನವರೆಗೆ ಹಿಂಡಿದ ಬಟ್ಟೆಯ ಹಾಗೆ ಬಿದ್ದಿರುತ್ತಿದ್ದಳು. ಯಂತ್ರಕ್ಕೆ ಜೋಡಿಸಲೆಂದು ಅವಳ ಎಡ ಮೊಣಕೈಯ ಹತ್ತಿರ ಎರಡು ರಕ್ತನಾಳ ಸೇರಿಸಿ ಹೊಲಿದಿದ್ದರು. ಅಲ್ಲಿ ಕಿವಿಯಿಟ್ಟರೆ ರಕ್ತ ಗುಂಯ್‌ಗುಡುವುದು ಕೇಳುತ್ತಿತ್ತು. ಮೊಮ್ಮಗಳು ಕಾಹುಗೆ ಅದು ಆಟ. ಅಜ್ಜಿಯ ಕೈಯೊಳಗೆ ಜೇನುಗೂಡಿದೆ ಎಂದು ಶಾಲೆಯಲ್ಲಿ ಹೇಳಿ ಬಂದಿದ್ದಳು.

ಪಿರಿಹಿರಾ ಹುಟ್ಟಿದ್ದು ರೋಟೊರುವಾದ ಅಂಚಿನ ಬಿಸಿನೀರಿನ ಹಳ್ಳಿಯಲ್ಲಿ. ಅಲ್ಲಿನ ಮಕ್ಕಳು ಓಡಲು ಕಲಿಯುವ ಮೊದಲು ಎಲ್ಲಿ ಕಾಲಿಡಬಾರದೆಂಬುದನ್ನು ಕಲಿಯುತ್ತಾರೆ. ಅವಳಮ್ಮ ಒಲೆಯನ್ನೇ ಹಚ್ಚಿದವಳಲ್ಲ. ನೆಲದಿಂದ ಏಳುವ ಹಬೆಯ ಮೇಲೆ ಮರದ ಪೆಟ್ಟಿಗೆಯಿಟ್ಟು, ಅದರಲ್ಲಿ ಮಾಂಸ, ಗೆಣಸು, ಕಡುಬು ಇಟ್ಟು ಮುಚ್ಚಿ ಚರ್ಚಿಗೆ ಹೋಗಿ ಬಂದರೆ ಊಟ ಸಿದ್ಧ. ಸಂಜೆ ಹಳ್ಳಿಗೆ ಹಳ್ಳಿಯೇ ಬಿಸಿನೀರಿನ ತೊಟ್ಟಿಗಳಲ್ಲಿ ಇಳಿದು ಕುತ್ತಿಗೆಯವರೆಗೆ ಮುಳುಗಿ ಊರ ಸುದ್ದಿ ಮಾತಾಡುತ್ತಿತ್ತು.

ಮದುವೆಯಾದ ಮಾರನೆಯ ವರ್ಷ ಅವಳು ರೋಟೊರುವಾದಲ್ಲೇ ಊರಾಚೆಯ ಪಕ್ಷಿಧಾಮಕ್ಕೆ ನೆಲ ಒರೆಸುವ ಕೆಲಸಕ್ಕೆ ಸೇರಿದಳು. ಕಾಡಿನಿಂದ ಕೀವಿ ಹಕ್ಕಿಯ ಮೊಟ್ಟೆ ತಂದು ಮರಿ ಮಾಡಿ, ಮುಂಗುಸಿಯಂಥ ಪ್ರಾಣಿಗಳಿಗೆ ಬಲಿಯಾಗದಷ್ಟು ಬೆಳೆದ ಮೇಲೆ ಮತ್ತೆ ಕಾಡಿಗೆ ಬಿಡುವ ಜಾಗ ಅದು. ಒಂದು ದಿನ ಎಸೆಯಲೆಂದು ಪಕ್ಕಕ್ಕಿಟ್ಟ ಮೊಟ್ಟೆಯೊಂದನ್ನು ಕಿವಿಗೆ ಹಿಡಿದು, ಬಾಯಲ್ಲಿ ಸಣ್ಣಗೆ ಸಿಳ್ಳೆ ಹಾಕಿದಳಂತೆ. ಒಳಗೆ ಏನೋ ಮಿಸುಕಿತು. "ಇದು ಸತ್ತಿಲ್ಲ, ಮುನಿಸಿಕೊಂಡಿದೆ ಅಷ್ಟೆ," ಎಂದಳಂತೆ. ಮೂರನೆಯ ದಿನ ಮರಿ ಕಾಲಿನಿಂದ ಚಿಪ್ಪು ಒದ್ದು ಹೊರಬಂತು. ಅಂದಿನಿಂದ ಕಸಬರಿಗೆ ಬೇರೆಯವರ ಕೈಗೆ ಹೋಯಿತು, ಮೊಟ್ಟೆಕೋಣೆ ಅವಳ ಕೈಗೆ ಬಂತು. ಇಪ್ಪತ್ತನಾಲ್ಕು ವರ್ಷ ಅವಳು ಅಲ್ಲಿದ್ದಳು. ಹಾಮಿಯೋರಾ ಮರದ ದಿಮ್ಮಿಯ ಲಾರಿ ಓಡಿಸಿ ಮನೆಗೆ ಬಂದರೆ ಅವಳ ಬಾಯಲ್ಲಿ ಮರಿಗಳ ತೂಕದ ಮಾತೇ. "ನಾನೂ ನೂರು ಗ್ರಾಂ ಕಡಿಮೆಯಾಗಿದ್ದೀನಿ, ನೋಡು," ಎಂದು ಅವನು ರೇಗಿಸುತ್ತಿದ್ದ.

ಆಮೇಲೆ ಮುರುಪಾರಾದಲ್ಲಿ ಅವನಮ್ಮನಿಗೆ ಪಾರ್ಶ್ವವಾಯು ಬಡಿಯಿತು. ನೋಡಿಕೊಳ್ಳುವವರು ಯಾರು ಎಂದು ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದಾಗ ಪಿರಿಹಿರಾಳೇ, "ನಾವು ಬರ್ತೀವಿ ಬಿಡಿ," ಎಂದಳು. ವರ್ಷವೊಂದರ ಮಾತು ಎಂದುಕೊಂಡಿದ್ದರು. ಮುದುಕಿ ಹನ್ನೊಂದು ವರ್ಷ ಬದುಕಿದಳು. ಅಷ್ಟೂ ವರ್ಷ ಸೊಸೆಯ ಕೈಯಲ್ಲಿ ಉಂಡು, ಸೊಸೆಯ ಕೈಯಲ್ಲಿ ಮೈ ತೊಳೆಸಿಕೊಂಡು, ಬಂದವರ ಮುಂದೆ ಅವಳನ್ನು "ಆ ಬಿಸಿನೀರಿನ ಊರಿನವಳು" ಎಂದೇ ಕರೆಯುತ್ತಿದ್ದಳು. ಅತ್ತೆ ಸತ್ತ ವರ್ಷವೇ ಸೊಸೆಗೆ ಕಾಲು ಊದಿಕೊಂಡಿತು. ಆಸ್ಪತ್ರೆಗೆ ಹೋದರೆ, ಸಕ್ಕರೆ ಕಾಯಿಲೆ ಯಾವಾಗಲೋ ಬಂದು ಒಳಗೊಳಗೇ ಎಲ್ಲ ತಿಂದುಬಿಟ್ಟಿದೆ ಎಂದರು. ತನ್ನ ಮೈ ತೋರಿಸಿಕೊಳ್ಳಲು ಅವಳಿಗೆ ಬಿಡುವಾಗಿರಲಿಲ್ಲ. ಹಾಮಿಯೋರಾ ಈ ಮಾತನ್ನು ಯಾರ ಹತ್ತಿರವೂ ಆಡಿದವನಲ್ಲ. ಬಾಟಲಿಗೆ ನೀರು ತುಂಬಿಸುವಾಗ ಮಾತ್ರ ದಿನಾ ಅದೇ ಯೋಚನೆ.

ಏಪ್ರಿಲ್ ತಿಂಗಳ ಒಂದು ಗುರುವಾರ ವ್ಯಾನಿನಿಂದ ಇಳಿದವಳು ಬಾಗಿಲಲ್ಲೇ ಹೇಳಿದಳು. "ಶನಿವಾರದ್ದನ್ನ ಸೋಮವಾರಕ್ಕೆ ಹಾಕಿದ್ದಾರೆ. ಯಾರಿಗೋ ಜಾಗ ಮಾಡಿಕೊಡಬೇಕಂತೆ. ಎರಾನಾಗೆ ಫೋನ್ ಮಾಡು, ಮಗು ಕರ್ಕೊಂಡು ಬರ್ಲಿ. ಎಲ್ಲಾರೂ ಹೋಗಿ ಹಕ್ಕಿ ನೋಡ್ಕೊಂಡು, ನಮ್ಮೂರಲ್ಲಿ ಊಟ ಮಾಡ್ಕೊಂಡು ಬರೋಣ."

ನಾಲ್ಕು ವರ್ಷದಲ್ಲಿ ಒಮ್ಮೆಯೂ ಹಾಗೆ ದಿನ ಬದಲಾಗಿರಲಿಲ್ಲ. ಅವನಿಗೆ ಏನೋ ಕಸಿವಿಸಿಯಾಯಿತು. ಆದರೆ ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಂಡ ಲವಲವಿಕೆಯನ್ನು ಕೆಡಿಸುವ ಮನಸ್ಸಾಗಲಿಲ್ಲ. ವಾಕಾತಾನೆಯಲ್ಲಿ ಶಾಲೆಯ ಟೀಚರಾಗಿದ್ದ ಮಗಳು ಎರಾನಾ ಶುಕ್ರವಾರ ಸಂಜೆಯೇ ಒಂಬತ್ತು ವರ್ಷದ ಕಾಹುವನ್ನು ಕರೆದುಕೊಂಡು ಬಂದಳು.

ಶನಿವಾರ ಬೆಳಿಗ್ಗೆ ಪಕ್ಷಿಧಾಮದ ಬಾಗಿಲಲ್ಲಿ ಟಿಕೆಟು ಕೊಡುವ ಹುಡುಗಿಗೆ ಪಿರಿಹಿರಾಳ ಗುರುತು ಇರಲಿಲ್ಲ. "ಮೊದಲ ಸಲ ಬರ್ತಿದ್ದೀರಾ?" ಎಂದು ನಗುತ್ತ ಕೇಳಿದಳು.

"ಹೂಂ ಕಣಮ್ಮ," ಎಂದಳು ಪಿರಿಹಿರಾ. ಎರಾನಾ ಬಾಯಿ ತೆರೆಯುವಷ್ಟರಲ್ಲಿ ಅವಳ ಕೈ ಚಿವುಟಿದಳು.

ತೊರೆಯ ಹತ್ತಿರ ಕಾಹು ಹಾವುಮೀನುಗಳಿಗೆ ಮಾಂಸದ ಚೂರು ಹಾಕಿದಳು. ತೊಡೆಯಷ್ಟು ದಪ್ಪದ ಕಪ್ಪು ಮೀನುಗಳು ಕಲ್ಲಿನ ಸಂದಿಯಿಂದ ಜಾರಿ ಬಂದು ತಿಂದು ಹೋದವು. ಟುವಾಟರಾ ಎಂಬ ಓತಿಯ ಮುಂದೆ ಅರ್ಧ ಗಂಟೆ ನಿಂತರೂ ಅದು ಕಣ್ಣು ಮಿಟುಕಿಸಲಿಲ್ಲ.

"ಸತ್ತಿದೆಯಾ ಅಜ್ಜಿ ಇದು?"

"ಇಲ್ಲ ಮಗಾ. ನಿಮ್ಮ ತಾತನ ಥರ. ಕೂತ್ರೆ ಕೂತ್ಕೊಂಡೇ ಇರುತ್ತೆ."

"ನಿಮ್ಮಜ್ಜಿ ನಿಂಗೆ ಹೇಳಿಲ್ಲ," ಎಂದ ಹಾಮಿಯೋರಾ, "ಅದು ನೂರು ವರ್ಷ ಬದುಕುತ್ತೆ. ಮಾತು ಕಡಿಮೆ, ಅದಕ್ಕೆ."

ಕೀವಿಗಳ ಕತ್ತಲೆ ಮನೆಯೊಳಗೆ ಪಿರಿಹಿರಾ ಎಲ್ಲರಿಗಿಂತ ಮೊದಲು ಹೊಕ್ಕಳು. ಹಗಲನ್ನೇ ರಾತ್ರಿ ಮಾಡಿಟ್ಟ ಕೋಣೆ ಅದು. ಮಂದ ಬೆಳಕಿನಲ್ಲಿ ಗಾಜಿನಾಚೆ ಒಂದು ಹಕ್ಕಿ ಉದ್ದ ಕೊಕ್ಕನ್ನು ಮಣ್ಣಿಗೆ ಚುಚ್ಚುತ್ತ, ಮುದುಕಿಯೊಬ್ಬಳು ಸೂಜಿ ಹುಡುಕುವ ಹಾಗೆ ಓಡಾಡುತ್ತಿತ್ತು. ಕಾಹು ಪಿಸುಮಾತಿನಲ್ಲಿ, "ಇದರಮ್ಮ ಎಲ್ಲಿ?" ಎಂದಳು.

"ಅಮ್ಮ ಮೊಟ್ಟೆ ಇಟ್ಟು ಹೊರಟೋಗ್ತಾಳೆ. ಅಷ್ಟು ದೊಡ್ಡ ಮೊಟ್ಟೆ ಹೊತ್ತು ಹೊತ್ತು ಅವಳಿಗೆ ಸುಸ್ತಾಗಿರುತ್ತೆ. ಆಮೇಲೆ ಎರಡೂವರೆ ತಿಂಗಳು ಅಪ್ಪನೇ ಕೂತ್ಕೋತಾನೆ. ಊಟ ಬಿಟ್ಟು, ಸೊರಗಿ ಕಡ್ಡಿಯಾಗಿ."

"ಪಾಪ ಅಪ್ಪ."

"ಹೌದು ಮಗಾ," ಎಂದಳು ಪಿರಿಹಿರಾ. "ಪಾಪ."

ಮೊಟ್ಟೆಕೋಣೆಯ ಗಾಜಿನ ಕಿಟಕಿಯ ಮುಂದೆ ಅವಳು ಬಹಳ ಹೊತ್ತು ನಿಂತಳು. ಒಳಗೆ ಕೈಗವಸು ತೊಟ್ಟ ಹುಡುಗನೊಬ್ಬ ಒಂದು ಮೊಟ್ಟೆಯನ್ನು ದೀಪಕ್ಕೆ ಹಿಡಿದು ತಿರುಗಿಸುತ್ತಿದ್ದ. ಅವಳ ಎರಡೂ ಕೈಗಳು ತಮ್ಮಷ್ಟಕ್ಕೆ ಎದೆಯ ಮುಂದೆ ಬಟ್ಟಲಾಗಿ, ಅವನ ಕೈಯ ಜೊತೆಗೇ ಮೆಲ್ಲಗೆ ತಿರುಗಿದವು. ಹಾಮಿಯೋರಾ ಅದನ್ನು ನೋಡಿ, ನೋಡದವನ ಹಾಗೆ ಬೇರೆ ಕಡೆ ತಿರುಗಿಕೊಂಡ. ಈ ಹೆಂಗಸು ಇಲ್ಲಿಂದ ಎದ್ದು ಬಂದದ್ದು ಅವನಮ್ಮನ ಮಲಮೂತ್ರ ಬಳಿಯಲಿಕ್ಕೆ.

ಮಧ್ಯಾಹ್ನ ಅವಳ ಹಳ್ಳಿಗೆ ಬಂದರು. ಗಂಧಕದ ವಾಸನೆ ಕಾರಿನೊಳಗೆ ನುಗ್ಗಿದ ಕೂಡಲೇ ಕಾಹು ಮೂಗು ಮುಚ್ಚಿಕೊಂಡಳು, ಅಜ್ಜಿ ಕಿಟಕಿ ಪೂರ್ತಿ ಇಳಿಸಿದಳು. ಅವಳ ತಮ್ಮ ಮೋಕೇನಾ ಬಾಗಿಲಲ್ಲೇ ಕಾಯುತ್ತಿದ್ದ. ಅವರ ರೀತಿಯಂತೆ ಮೂಗಿಗೆ ಮೂಗು, ಹಣೆಗೆ ಹಣೆ ತಾಗಿಸಿ ಅಕ್ಕನನ್ನು ಬಹಳ ಹೊತ್ತು ಬಿಡದೆ ಹಿಡಿದುಕೊಂಡ. ಅದೂ ಹಾಮಿಯೋರಾನಿಗೆ ಎಂದಿನದಕ್ಕಿಂತ ಹೆಚ್ಚು ಹೊತ್ತು ಅನ್ನಿಸಿತು.

ಕುದಿಯುವ ಕೊಳಕ್ಕೆ ಇಳಿಬಿಟ್ಟಿದ್ದ ಬಲೆಚೀಲವನ್ನು ಮೋಕೇನಾ ಎಳೆದು ಮೇಲೆ ತಂದ. ಹಳದಿ ಮುಸುಕಿನ ಜೋಳದ ತೆನೆಗಳು ಹಬೆ ಬಿಡುತ್ತಿದ್ದವು. ಹಬೆಪೆಟ್ಟಿಗೆಯಿಂದ ಹಂದಿಮಾಂಸ, ಕುಂಬಳ, ಕೂಮರಾ ಗೆಣಸು ಬಂತು. ಹಾಮಿಯೋರಾ ತನ್ನ ಚೀಲದಿಂದ ಹೆಂಡತಿಗೆಂದು ಕಟ್ಟಿಕೊಂಡು ಬಂದಿದ್ದ ಬಿಳಿ ಅನ್ನ, ಉಪ್ಪಿಲ್ಲದ ಕೋಳಿ ತೆಗೆದಿಟ್ಟ. ಪಿರಿಹಿರಾ ಆ ಡಬ್ಬಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಒಂದು ಗೆಣಸು ಮುರಿದು ಬೆಣ್ಣೆ ಸವರಿ ಬಾಯಿಗಿಟ್ಟಳು.

"ಪಿರಿ," ಎಂದ ಅವನು. "ಅದರಲ್ಲಿ ಪೊಟ್ಯಾಸಿಯಂ."

"ಗೊತ್ತು."

ಜೋಳದ ತೆನೆ ತಿಂದಳು. ಎರಡನೆಯ ಗೆಣಸು ತಿಂದಳು. ತಮ್ಮನ ಹೆಂಡತಿ ದೊಡ್ಡ ಕಪ್ಪಿನಲ್ಲಿ ಚಹಾ ಕೊಟ್ಟರೆ ಪೂರ್ತಿ ಕುಡಿದು ಇನ್ನೊಂದು ಕೇಳಿದಳು. ಆಮೇಲೆ ಒಂದು ಉದ್ದ ಲೋಟದ ತುಂಬ ತಣ್ಣೀರು ಬಗ್ಗಿಸಿಕೊಂಡು, ಕಣ್ಣು ಮುಚ್ಚಿ, ಮಗುವಿನ ಹಾಗೆ ಗಟಗಟನೆ ಕುಡಿದು ಮುಗಿಸಿದಳು. ನೀರು ಗಲ್ಲದ ಮೇಲೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

ಹಾಮಿಯೋರಾನಿಗೆ ಆಗ ತಿಳಿಯಿತು. ಯಾರೂ ಏನೂ ಹೇಳದೆಯೇ ತಿಳಿಯಿತು. ಶನಿವಾರದ ಯಂತ್ರ ಸೋಮವಾರಕ್ಕೆ ಹೋಗಿರಲಿಲ್ಲ.

ಊಟದ ಮೇಲೆ ಅವಳು, "ನನ್ನ ತೊಟ್ಟಿ ಹತ್ರ ಕರ್ಕೊಂಡು ಹೋಗು," ಎಂದಳು. ಇಬ್ಬರೇ ಹೋದರು. ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ಅವನು ಅವಳ ಚಪ್ಪಲಿ ಬಿಚ್ಚಿ, ಊದಿಕೊಂಡ ಪಾದಗಳನ್ನು ಬಿಸಿನೀರಿಗೆ ಇಳಿಸಿ, ಜಾರದಂತೆ ಪಕ್ಕದಲ್ಲಿ ಕೂತು ಹಿಡಿದುಕೊಂಡ.

"ಯಾವಾಗಿಂದ?" ಎಂದ.

"ಎರಡು ವಾರದ ಕೆಳಗೆ ಡಾಕ್ಟರಿಗೆ ಹೇಳ್ದೆ, ಇನ್ನು ಯಂತ್ರ ಸಾಕು ಅಂತ. ಕಾಗದಕ್ಕೆ ಸಹಿ ಹಾಕ್ದೆ. ಗುರುವಾರದ್ದೇ ಕೊನೇದು."

"ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ. ನೀನು ಬೇಡ ಅಂದ್ರೆ ನಾನು ಇನ್ನೊಂದು ವರ್ಷ ಹೋಗ್ತಿದ್ದೆ." ಅವಳು ನೀರಿನಲ್ಲಿ ಪಾದ ಅಲ್ಲಾಡಿಸಿದಳು. "ಸುಸ್ತಾಗಿದೆ ಹಾಮಿ. ಎಷ್ಟು ಸುಸ್ತು ಅಂತ ನಿಂಗೆ ಹೇಳೋಕೂ ಆಗ್ದಷ್ಟು."

ಅವನು ಬೊಗಸೆಯಲ್ಲಿ ಬಿಸಿನೀರು ಎತ್ತಿ ಅವಳ ಮೊಣಕಾಲಿಗೆ ಸುರಿದ.

"ಇನ್ನೊಂದಿದೆ. ನನ್ನನ್ನ ಇಲ್ಲಿಗೇ ತಂದುಬಿಡು. ಅಪ್ಪ ಅಮ್ಮನ ಪಕ್ಕಕ್ಕೆ."

ಈ ಪೆಟ್ಟು ಮೊದಲಿನದಕ್ಕಿಂತ ಜೋರಾಗಿ ಬಿತ್ತು. ಮುರುಪಾರಾದ ಗುಡ್ಡದ ಮೇಲೆ ಅವನಮ್ಮನ ಗೋರಿಯ ಪಕ್ಕ ಇಬ್ಬರಿಗೂ ಜಾಗವಿತ್ತು. ಅವನೇ ಬೇಲಿ ಹಾಕಿ, ಹುಲ್ಲು ಕತ್ತರಿಸಿ ಇಟ್ಟುಕೊಂಡಿದ್ದ ಜಾಗ.

"ನಿಂಗೆ ಅಂತ ಅಮ್ಮನ ಪಕ್ಕ ಜಾಗ ಇಟ್ಟಿದ್ದೀನಿ."

"ನಿಮ್ಮಮ್ಮನ ಪಕ್ಕ ಹನ್ನೊಂದು ವರ್ಷ ಇದ್ದೆನಲ್ಲ ಮಾರಾಯ. ಸಾಕು." ನಗುತ್ತಲೇ ಹೇಳಿದಳು, ನಗು ಪೂರ್ತಿಯಾಗಲಿಲ್ಲ.

"ಮತ್ತೆ ನಾನು? ನಾನೆಲ್ಲಿ ಹೋಗ್ಲಿ?"

"ನೀನು ನಿಮ್ಮೋರ ಹತ್ರ ಇರು. ನಿನ್ನನ್ನ ಎಳ್ಕೊಂಡು ಬರ್ತಿಲ್ಲ ನಾನು. ಎಳ್ಕೊಂಡು ಹೋಗೋದು ಏನು ಅಂತ ನಂಗೆ ಗೊತ್ತು. ನಲವತ್ತು ವರ್ಷ ಒಟ್ಟಿಗೆ ಮಲಗಿದ್ವಿ. ಇನ್ನು ನಂಗೆ ಬೆಚ್ಚಗಿರೋ ನೆಲ ಬೇಕು, ಅಷ್ಟೆ. ಹೂಂ ಅನ್ನು."

ಅವನು ಹೂಂ ಅನ್ನಲಿಲ್ಲ. ಟವೆಲಿನಿಂದ ಅವಳ ಪಾದ ಒರೆಸಿದ, ಬೆರಳ ಸಂದಿಗಳನ್ನೂ ಬಿಡದೆ. ಕಾರಿನ ಹತ್ತಿರ ಬಂದಾಗ ಎರಾನಾ ಕಾರಿಗೆ ಒರಗಿ ಅಳುತ್ತಿದ್ದಳು. ಮೋಕೇನಾ ಅವಳಿಗೆ ಹೇಳಿಯಾಗಿತ್ತು. ಮನೆಗೆ ಹೋಗುವ ದಾರಿಯುದ್ದಕ್ಕೂ ಕಾಹು ಒಬ್ಬಳೇ ಮಾತಾಡಿದಳು, ಹಾವುಮೀನಿನ ನಾಲಿಗೆ ತನ್ನ ಬೆರಳಿಗೆ ತಾಗಿತೆಂದು.

ಆಮೇಲಿನ ದಿನಗಳಲ್ಲಿ ಹಾಮಿಯೋರಾ ಅವಳು ಕೇಳಿದ್ದನ್ನೆಲ್ಲ ತಂದುಕೊಟ್ಟ. ಕಿತ್ತಳೆ ಸುಲಿದು ಕೊಟ್ಟ. ಉಪ್ಪು ಹಾಕಿ ಆಲೂಗಡ್ಡೆ ಹುರಿದು ಕೊಟ್ಟ. ಭಾನುವಾರ ಬೆಳಿಗ್ಗೆ ಅಭ್ಯಾಸಬಲದಿಂದ ಬಾಟಲಿಗೆ ಮುಕ್ಕಾಲು ನೀರು ತುಂಬಿಸಿ, ನಲ್ಲಿಯ ಮುಂದೆಯೇ ನಿಂತುಬಿಟ್ಟಿದ್ದ. ಎರಾನಾ ಬಂದು ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ನರ್ಸು ದಿನಾ ಬಂದು ಹೋಗುತ್ತಿದ್ದಳು. ನೋವಿರಲಿಲ್ಲ. ಉಸಿರು ಮಾತ್ರ ದಿನೇದಿನೇ ಭಾರವಾಗುತ್ತಿತ್ತು.

ಬುಧವಾರ ಅವಳು ಕೇಳಿದಳು. "ನಾನು ಕೇಳಿದ್ದಕ್ಕೆ ಏನಂದೆ?"

"ಯೋಚ್ನೆ ಮಾಡ್ತಿದ್ದೀನಿ."

"ಬೇಗ ಮಾಡು ಮುದುಕಾ," ಎಂದಳು.

ಅವನಿಗೆ ಆ ಒಂದು ಅಕ್ಷರ ಬಾಯಿಂದ ಹೊರಡುತ್ತಿರಲಿಲ್ಲ. ಹೂಂ ಎಂದರೆ ಹೋಗಿ ಬಾ ಎಂದ ಹಾಗೆ. ಅನ್ನದಿದ್ದರೆ ಇನ್ನೂ ಸ್ವಲ್ಪ ದಿನ ಕಾಯುತ್ತಾಳೇನೋ ಎಂಬ ಹುಚ್ಚು ಆಸೆ. ಶುಕ್ರವಾರದಿಂದ ಅವಳು ಹೆಚ್ಚು ಹೊತ್ತು ನಿದ್ದೆಯಲ್ಲೇ ಇರತೊಡಗಿದಳು. ಎಚ್ಚರಾದಾಗ ಮೊಟ್ಟೆಗಳ ಬಗ್ಗೆ ಏನೋ ಹೇಳುತ್ತಿದ್ದಳು, ಯಾವುದೋ ಒಂದನ್ನು ತಿರುಗಿಸುವುದು ಮರೆತಿದ್ದಾರೆಂದು. ಭಾನುವಾರ ಮಧ್ಯಾಹ್ನ ಅವನು ಮಂಡಿಯೂರಿ, ಅವಳ ಕಿವಿಗೆ ಬಾಯಿಟ್ಟು, "ಹೂಂ ಪಿರಿ. ಕರ್ಕೊಂಡು ಹೋಗ್ತೀನಿ. ಹೂಂ," ಎಂದ. ಅವಳು ಅಲುಗಲಿಲ್ಲ. ಮತ್ತೆ ಹೇಳಿದ. ಎಡಗೈಗೆ ಕಿವಿಯಿಟ್ಟರೆ ಒಳಗೆ ಆ ಗುಂಯ್‌ ಇನ್ನೂ ಇತ್ತು, ಬಹಳ ಸಣ್ಣಗೆ. ಮಂಗಳವಾರ ಬೆಳಿಗ್ಗೆ ವ್ಯಾನು ಬರುತ್ತಿದ್ದ ಹೊತ್ತಿಗೆ ಅದೂ ನಿಂತಿತು.

ಅವಳನ್ನು ಮುರುಪಾರಾದ ಮರಾಯೆಯಲ್ಲಿ, ಅವನ ಕುಲದ ಸಭಾಮನೆಯಲ್ಲಿ, ತೆರೆದ ಪೆಟ್ಟಿಗೆಯಲ್ಲಿ ಮಲಗಿಸಿದರು. ಮಾರನೆಯ ದಿನ ಎರಡು ಬಸ್ಸು ತುಂಬ ಅವಳ ಕಡೆಯವರು ಬಂದರು. ಹೆಂಗಸರ ಅಳುವಿನ ಕರೆ ಅಂಗಳ ದಾಟಿತು. ಅದು ಮುಗಿದ ಮೇಲೆ ಮೋಕೇನಾ ಎದ್ದು ಕೋಲು ನೆಲಕ್ಕೂರಿ ಕೇಳಿದ. "ನಮ್ಮಕ್ಕನನ್ನ ನಮಗೆ ಕೊಡಿ."

ಹಾಮಿಯೋರಾನ ಅಣ್ಣ ರೋಪಾತಾ ಕೊಡಲು ಒಪ್ಪಲಿಲ್ಲ. ಕೇಳಿದ ಕೂಡಲೇ ಕೊಟ್ಟರೆ ಸತ್ತವಳಿಗೆ ಅವಮಾನ. ಎಷ್ಟು ಜಗಳವಾಡಿದರೆ ಅಷ್ಟು ಪ್ರೀತಿ ಎಂಬುದು ಅಲ್ಲಿನ ರೀತಿ. ಆದರೆ ರೋಪಾತಾ ರೀತಿಗಾಗಿ ಆಡುತ್ತಿರಲಿಲ್ಲ. "ನಮ್ಮಮ್ಮನನ್ನ ಹನ್ನೊಂದು ವರ್ಷ ಸಾಕಿದೋಳು ಅವಳು. ಅವಳ ಬೆವರು ಈ ಮಣ್ಣಲ್ಲಿ ಬಿದ್ದಿದೆ. ಅವಳು ನಮ್ಮೋಳು. ಬರಿಗೈಲಿ ಬಂದಿದ್ದೀರಿ, ಹಾಗೇ ಹೋಗಿ," ಎಂದ. ಹೇಳುತ್ತ ಹೇಳುತ್ತ ಅವನ ದನಿ ಒಡೆಯಿತು. ಅಷ್ಟು ವರ್ಷ ಅವಳಿಗೆ ಒಂದು ಒಳ್ಳೆಯ ಮಾತು ಆಡದ ಮನೆ ಅದು.

ಹೆಂಡತಿ ಸತ್ತವನು ಆ ಮೂರು ದಿನ ಮಾತಾಡುವ ಹಾಗಿಲ್ಲ. ಪೆಟ್ಟಿಗೆಯ ಪಕ್ಕ ತಲೆ ತಗ್ಗಿಸಿ ಕೂತಿರಬೇಕು, ಅವನ ಪರವಾಗಿ ಬೇರೆಯವರು ಆಡುತ್ತಾರೆ. ಹಾಮಿಯೋರಾ ಎದ್ದು ನಿಂತ. ರೋಪಾತಾ ಕೂತುಕೋ ಎಂಬಂತೆ ಕೈ ಮಾಡಿದ.

"ಅವಳು ಕೇಳಿದ್ಲು," ಎಂದ ಹಾಮಿಯೋರಾ. "ನಾನು ಹೂಂ ಅಂದಿದ್ದೀನಿ. ಅಣ್ಣ, ಬಿಟ್ಟುಬಿಡು."

ಪೆಟ್ಟಿಗೆಯ ಆಚೆ ಬದಿ ಕೂತಿದ್ದ ಎರಾನಾ ತಲೆಯೆತ್ತಿ ಅಪ್ಪನನ್ನು ನೋಡಿದಳು. ಆ ಹೂಂ ಎಷ್ಟು ತಡವಾಗಿ ಬಂದಿತ್ತೆಂಬುದು ಅವಳೊಬ್ಬಳಿಗೆ ಗೊತ್ತಿತ್ತು. ಮತ್ತೆ ಅಮ್ಮನ ಕೈ ಹಿಡಿದುಕೊಂಡಳು.

ಅದೇ ಮಧ್ಯಾಹ್ನ ಪಿರಿಹಿರಾ ಪೈನ್ ಕಾಡಿನ ದಾರಿಯಲ್ಲಿ ಕೊನೆಯ ಸಲ ರೋಟೊರುವಾಕ್ಕೆ ಹೋದಳು. ಆ ಹಳ್ಳಿಯಲ್ಲಿ ನೆಲ ಅಗೆದರೆ ಕುದಿನೀರು, ಹಾಗಾಗಿ ಸತ್ತವರನ್ನು ನೆಲದ ಮೇಲೆಯೇ ಸಿಮೆಂಟಿನ ಗೂಡು ಕಟ್ಟಿ ಇಡುತ್ತಾರೆ. ಅಪ್ಪ ಅಮ್ಮನ ಗೂಡಿನ ಪಕ್ಕದಲ್ಲೇ ಅವಳನ್ನಿಟ್ಟರು.

ರೋಪಾತಾ ತಮ್ಮನ ಜೊತೆ ಮಾತು ಬಿಟ್ಟ. ಸತ್ತವಳನ್ನು ಬಿಟ್ಟುಕೊಟ್ಟವನು ಎಂದು ಊರಿನಲ್ಲಿ ಕೆಲವರು ಹಿಂದಿನಿಂದ ಆಡಿಕೊಂಡರು. ಎರಾನಾ ವಾಕಾತಾನೆಗೆ ಬಂದುಬಿಡಿ ಎಂದು ಎಷ್ಟು ಕರೆದರೂ ಅವನು ಹೋಗಲಿಲ್ಲ. ಅಮ್ಮನ ಗೋರಿಯ ಹುಲ್ಲು ಕತ್ತರಿಸುವವರು ಬೇರೆ ಯಾರೂ ಇರಲಿಲ್ಲ. ತಿಂಗಳಿಗೊಮ್ಮೆ ಕಾರು ತೆಗೆದುಕೊಂಡು ರೋಟೊರುವಾಕ್ಕೆ ಹೋಗುತ್ತಾನೆ.

ಒಮ್ಮೆ ಮೋಕೇನಾ ಅಕ್ಕನ ಗೂಡಿನ ಎಡಕ್ಕೆ ಕೈ ತೋರಿಸಿ, "ಇಲ್ಲಿ ಜಾಗ ಇದೆ ಭಾವ. ಯಾರೂ ಬೇಡ ಅನ್ನಲ್ಲ," ಎಂದ.

"ಅವಳು ಬಾ ಅಂದಿಲ್ಲ. ಎಳ್ಕೊಂಡು ಬರಲ್ಲ ಅಂದ್ಲು," ಎಂದ ಹಾಮಿಯೋರಾ.

"ಎಳ್ಕೊಂಡು ಬರಲ್ಲ ಅಂದಿದ್ಲು. ಬರಬೇಡ ಅಂದಿದ್ಲಾ?"

ಹಾಮಿಯೋರಾ ಇನ್ನೂ ಅದನ್ನೇ ಯೋಚಿಸುತ್ತಿದ್ದಾನೆ. ಚಳಿಗಾಲದಲ್ಲೂ ಅಲ್ಲಿಯ ಸಿಮೆಂಟು ಬೆಚ್ಚಗಿರುತ್ತದೆ. ಬೆನ್ನು ಕೊಟ್ಟು ಕೂತರೆ ಕೋಟು ತೆಗೆಯಬೇಕಾಗುತ್ತದೆ. ಅವನು ಕೋಟು ತೆಗೆದು ಮಡಿಚಿ ಪಕ್ಕದಲ್ಲಿಟ್ಟು, ಮಧ್ಯಾಹ್ನವೆಲ್ಲ ಹಾಗೇ ಕೂತಿರುತ್ತಾನೆ. ಆಮೇಲೆ ಕತ್ತಲಾಗುವ ಮೊದಲು ಕಾಡು ದಾಟಬೇಕೆಂದು ಎದ್ದು ಹೊರಡುತ್ತಾನೆ.